ಎಡಗಡೆಯ ಕ್ರಾಸ್

ಕಾರಿನ ದಂಡದ ಮೊದಲನೆಯ ಲಾಕ್ ಇಕ್ಕಳದ ಮೂತಿಗೆ ಸಿಕ್ಕಿ ಟಣ್ಣೆಂದು ಕಳಚಿ ಬಂದಾಗ ಮೇಸ್ತ್ರಿ ಬೇರೆ ಯಾವುದೋ ಲೋಕದಲ್ಲಿದ್ದ. ಅದೇನು ಹೊಸದಲ್ಲ ಬಿಡಿ. ಅವನ ಕೈ ಒಂದು ಕಡೆ ಕೆಲಸ ಮಾಡುತ್ತಿದ್ದರೆ ತಲೆ ಇನ್ನೊಂದು ಕಡೆ ಅಲೆಯುತ್ತಿರುತ್ತದೆ. ಎರಡೂ ಒಂದೆಡೆ ಸೇರುವುದು ಊಟದ ಹೊತ್ತಿಗೆ ಮಾತ್ರ, ಅದೂ ದಿನಾ ಅಲ್ಲ, ಎಂದು ಅವನ ಹೆಂಡತಿ ಹೇಳುತ್ತಾಳೆ. ಒಮ್ಮೆ ಅವಳ ಕನ್ನಡಕ ಹಾಕಿಕೊಂಡು ಮೂರು ದಿನ ಓಡಾಡಿ, ಯಾಕೋ ಕಣ್ಣು ಮಂಜಾಗುತ್ತಿದೆ ಎಂದು ಡಾಕ್ಟರ ಹತ್ತಿರ ಹೋಗಿ ಬಂದಿದ್ದ ಪುಣ್ಯಾತ್ಮ. ಆದರೆ ಕೈ ಮಾತ್ರ ಬಂಗಾರ, ಅದರಲ್ಲಿ ಎರಡು ಮಾತಿಲ್ಲ. ಹಳೆಯ ಕಾರು ಇಟ್ಟುಕೊಂಡವರು ಎಲ್ಲೆಲ್ಲಿಂದಲೋ ಅವನ ಶೆಡ್ಡನ್ನು ಹುಡುಕಿಕೊಂಡು ಬರುತ್ತಿದ್ದರು.

ಈ ಬೆಳಿಗ್ಗೆ ಅವನು ನೋಡುತ್ತಿದ್ದದ್ದು ತಗಡಿನ ಸೂರಿನ ತೂತುಗಳಿಂದ ನೆಲಕ್ಕೆ ಬಿದ್ದ ಬಿಸಿಲಿನ ಬೊಟ್ಟುಗಳನ್ನು. ಗಂಟೆಗೆ ಇಷ್ಟಿಷ್ಟೇ ಎಂದು ಅವು ನೆಲದ ಮೇಲೆ ಸರಿಯುತ್ತಿದ್ದವು. ಇನ್ನು ಸ್ವಲ್ಪ ಹೊತ್ತಿಗೆ ಒಂದು ಬೊಟ್ಟು ಗ್ರೀಸ್ ಡಬ್ಬಿಯನ್ನು ಹತ್ತುತ್ತದೆ, ಆಮೇಲೆ ಗೋಡೆ, ಆಮೇಲೆ ಎಲ್ಲಿಗೆ ಹೋಗುತ್ತದೋ ಏನೋ. ಹೀಗೆ ಯೋಚಿಸುತ್ತ ಎರಡನೆಯ ಲಾಕ್ ತೆಗೆದ, ಮೂರನೆಯದು ತೆಗೆದ. ಹೆಬ್ಬೆರಳು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡತೊಡಗಿತು. ಹೆಬ್ಬೆರಳಿಗೆ ಗೊತ್ತಾದದ್ದು ತಲೆಗೆ ತಲುಪಲು ಸ್ವಲ್ಪ ಹೊತ್ತು ಬೇಕಾಯಿತು.

ಲಾಕ್ ತೆಳ್ಳಗಿತ್ತು. ಅದಕ್ಕೆ ಯಾರೋ ಅರ ಹಾಕಿ ಉಜ್ಜಿದ್ದರು.

ಕಾರು ಟೀಚರದು. ಕೆನೆ ಬಣ್ಣ, ದುಂಡು ಬೆನ್ನು, ವಯಸ್ಸು ಐವತ್ತರ ಮೇಲೆ. ಟೀಚರಂತೂ ಅದಕ್ಕಿಂತ ಇಪ್ಪತ್ತು ವರ್ಷ ದೊಡ್ಡವರು. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಆ ಕಾರಿನಲ್ಲಿ ಹಿಂದಿನ ಎರಡು ಚಕ್ರಕ್ಕೂ ಒಂದೊಂದು ಪ್ರತ್ಯೇಕ ದಂಡ. ನಡುವಿನ ಡಬ್ಬದಿಂದ ತಿರುಗುವ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವುದು ಅದೇ. ರಸ್ತೆ ಏರಿಳಿದ ಹಾಗೆ ದಂಡ ಬಾಗಬೇಕಲ್ಲ, ಅದಕ್ಕೆ ಅದರ ಎರಡು ತುದಿಗೂ ಒಂದೊಂದು ಕ್ರಾಸ್ ಇರುತ್ತದೆ. ಕೂಡಿಸುವ ಚಿಹ್ನೆಯ ಹಾಗೆ ನಾಲ್ಕು ತೋಳಿನ ಉಕ್ಕಿನ ತುಂಡು. ನಾಲ್ಕು ತೋಳಿಗೂ ನಾಲ್ಕು ಪುಟ್ಟ ಬಟ್ಟಲು, ಬಟ್ಟಲೊಳಗೆ ಸುತ್ತಲೂ ನಿಂತ ಉಕ್ಕಿನ ಸೂಜಿಗಳು, ಬಟ್ಟಲು ಆಚೆ ಜಾರದ ಹಾಗೆ ಹೊರಗೊಂದು ಲಾಕ್. ಉಗುರಿನಷ್ಟು ಸಣ್ಣ ಬಳೆ ಅದು. ಅಷ್ಟು ಸಣ್ಣದನ್ನು ನಂಬಿಕೊಂಡೇ ಚಕ್ರ ನಿಂತಿರುವುದು.

ಏಳು ವರ್ಷದ ಹಿಂದೆ ಇದೇ ಕಾರಿಗೆ ನಾಲ್ಕೂ ಕ್ರಾಸ್ ಹೊಸದಾಗಿ ಹಾಕಿ ಕಳಿಸಿದ್ದರು. ಹಾಕಿದವರು ಇಬ್ಬರು, ಮೇಸ್ತ್ರಿ ಮತ್ತು ಅವನ ಹೆಂಡತಿಯ ತಮ್ಮ. ಭಾಮೈದ ಹನ್ನೊಂದು ವರ್ಷ ಅದೇ ಶೆಡ್ಡಿನಲ್ಲಿ ದುಡಿದವನು. ಎಡಗಡೆ ಮೇಸ್ತ್ರಿ, ಬಲಗಡೆ ಭಾಮೈದ, ಹೀಗೆ ಹಂಚಿಕೊಂಡಿದ್ದರು. ಕಾರು ಹೋಗಿ ನಾಲ್ಕೇ ದಿನಕ್ಕೆ ಇಳಿಜಾರಿನಲ್ಲಿ ಬಲಗಡೆಯ ಕ್ರಾಸ್ ಕಳಚಿ, ಚಕ್ರ ಒಳಕ್ಕೆ ಮಡಚಿಕೊಂಡು, ಕಾರು ಗೋಡೆಗೆ ಗುದ್ದಿತು. ಟೀಚರ ಬಲಗೈ ಎರಡು ಕಡೆ ಮುರಿಯಿತು.

ರಸ್ತೆಯ ಮೇಲೆ ಬಿದ್ದಿದ್ದ ಲಾಕ್ ಹುಡುಕಿ ತಂದವನು ಮೇಸ್ತ್ರಿಯೇ. ಅವತ್ತು ಶೆಡ್ಡಿನಲ್ಲಿ ಹತ್ತು ಜನ ಸೇರಿದ್ದರು. ಎಲ್ಲರ ಮುಂದೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೂಗಾಡಿದ್ದ: "ನೋಡ್ರಯ್ಯಾ, ಅರ ಹಾಕಿದ್ದಾನೆ! ಬಟ್ಟಲು ಕೂರಿಸುವಾಗ ಸೂಜಿ ಅಡ್ಡ ಬಿದ್ದಿರುತ್ತೆ, ಲಾಕಿಗೆ ಜಾಗ ಸಾಲಲ್ಲ. ಬಿಚ್ಚಿ ನಿಲ್ಲಿಸೋಕೆ ಇವನಿಗೆ ಸೋಮಾರಿತನ. ಲಾಕನ್ನೇ ತೆಳ್ಳಗೆ ಮಾಡಿ ತುರುಕಿದ್ದಾನೆ. ಒಂದು ಜೀವ ಹೋಗ್ತಿತ್ತಲ್ಲೋ!"

ಆ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಸೂಜಿ ಬಿದ್ದರೆ ತಾಳ್ಮೆಯಿಂದ ಬಿಚ್ಚಬೇಕು, ಮತ್ತೆ ನಿಲ್ಲಿಸಬೇಕು. ಲಾಕ್ ಉಜ್ಜುವವನು ಮೇಸ್ತ್ರಿಯೇ ಅಲ್ಲ.

ಭಾಮೈದ ಹೇಳಿದ್ದು ಒಂದೇ ಮಾತು. "ನಾನು ಅರ ಮುಟ್ಟಿಲ್ಲ ಭಾವ." ಆಮೇಲೆ ಕೈ ಒರೆಸಿಕೊಂಡ, ಬಟ್ಟೆಯನ್ನು ಮಡಿಸಿ ಬೆಂಚಿನ ಮೇಲಿಟ್ಟ, ಹೊರಟುಹೋದ. ಆವತ್ತಿನಿಂದ ಅಕ್ಕನ ಮನೆ ಹೊಸಿಲು ತುಳಿದಿಲ್ಲ. ಈಗ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದಾನೆ. ಅಕ್ಕ ವಾರಕ್ಕೊಂದು ಸಲ ಅಲ್ಲಿಗೆ ಹೋಗಿ ಬರುತ್ತಾಳೆ. ಹೋಗುತ್ತೇನೆ ಎಂದು ಗಂಡನಿಗೆ ಹೇಳುವುದಿಲ್ಲ, ಹೋಗಿದ್ದೆಯಾ ಎಂದು ಅವನೂ ಕೇಳುವುದಿಲ್ಲ. ಆ ಒಂದು ದಿನ ಮನೆಯಲ್ಲಿ ಇಬ್ಬರೂ ಪಿಸುಗುಟ್ಟಿದ ಹಾಗೆ ಮಾತಾಡುತ್ತಾರೆ, ಅಷ್ಟೆ.

ಆ ಲಾಕನ್ನು ಮೇಸ್ತ್ರಿ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ. ಬಂದವರಿಗೆ ತೋರಿಸುತ್ತಿದ್ದ. ತೋರಿಸಿದ ಮೇಲೆ ಸ್ವಲ್ಪ ಹೊತ್ತು ಅವನಿಗೇ ಬೇಜಾರಾಗುತ್ತಿತ್ತು. ಒಪ್ಪಿಕೊಳ್ಳುತ್ತಿರಲಿಲ್ಲವೇ ಹೊರತು ಭಾಮೈದನಿಲ್ಲದೆ ಅವನಿಗೆ ಕೈ ಮುರಿದ ಹಾಗಾಗಿತ್ತು. ಎಷ್ಟೋ ಸಲ ತಲೆ ಎತ್ತದೆ "ಹದಿಮೂರು ನಂಬರ್ ಸ್ಪ್ಯಾನರ್ ಕೊಡೋ" ಎಂದು ಹಿಂದಕ್ಕೆ ಕೈ ಚಾಚಿ, ಚಾಚಿದ ಕೈಯನ್ನು ಹಾಗೇ ಮಡಚಿಕೊಂಡದ್ದುಂಟು.

ಕಾರು ಅಷ್ಟು ವರ್ಷವೂ ಮಡಚಿದ ಚಕ್ರದಲ್ಲೇ ಟೀಚರ ಮನೆಯ ಹಿಂದೆ ಬಟ್ಟೆ ಹೊದ್ದು ಮಲಗಿತ್ತು. ಹೋದ ವಾರ ಅದನ್ನು ಎಳೆಸಿಕೊಂಡು ಬಂದು ಟೀಚರ್ ಹೇಳಿದ್ದರು: "ಮೇಸ್ತ್ರಿ, ನನಗೆ ಇದನ್ನ ಇನ್ನೊಂದು ಸಲ ಓಡಿಸಬೇಕು. ಬೇರೆ ಯಾರಿಗೂ ಕೊಡಲ್ಲ, ನೀವೇ ಮಾಡಿ." ಹೊರಟವರು ಗೇಟಿನ ಹತ್ತಿರ ನಿಂತು, "ನನ್ನ ಕೈ ಕೂಡಿಕೊಂಡು ಆರೂವರೆ ವರ್ಷ ಆಯ್ತು. ನಿಮ್ಮ ಮನೆಯದು ಇನ್ನೂ ಕೂಡಿಲ್ವಲ್ಲ" ಎಂದಿದ್ದರು. ಮೇಸ್ತ್ರಿ ಕೇಳಿಸದವನ ಹಾಗೆ ಜಾಕ್ ಹುಡುಕಿದ್ದ. ಜಾಕ್ ಕಾಲ ಬುಡದಲ್ಲೇ ಇತ್ತು.

ಈಗ ಬೆಂಚಿನ ಮೇಲಿದ್ದದ್ದು ಎಡಗಡೆಯ ದಂಡ. ಕೈಯಲ್ಲಿದ್ದದ್ದು ಎಡಗಡೆಯ ಲಾಕ್.

'ಕಳ್ಳ, ಈ ಕಡೆಯೂ ಕೆಡಿಸಿದ್ದಾನೆ' ಎಂಬುದೇ ಅವನಿಗೆ ಮೊದಲು ಹೊಳೆದದ್ದು. ಸಿಟ್ಟು ನೆತ್ತಿಗೇರಿತು, ಏರಿ ಅಲ್ಲೇ ನಿಂತಿತು. ಎಡಗಡೆ ಅವನು ಮುಟ್ಟಿರಲಿಲ್ಲವಲ್ಲ? ಎಡಗಡೆ ನನ್ನದಲ್ಲವಾ? ಮೇಸ್ತ್ರಿ ಉಳಿದ ಲಾಕ್‌ಗಳನ್ನೂ ಒಂದೊಂದಾಗಿ ಕಿತ್ತ. ಎಂಟಕ್ಕೆ ಎಂಟೂ ತೆಳ್ಳಗೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಅರದ ಗೀರು ಎಲ್ಲದರ ಮೇಲೂ ಒಂದೇ ಕಡೆ ವಾಲಿತ್ತು.

ಗೋಡೆಯ ಮೊಳೆಯಿಂದ ಆ ಹಳೆಯದನ್ನೂ ಇಳಿಸಿದ. ಏಳು ವರ್ಷ ಊರಿಗೆಲ್ಲ ತೋರಿಸಿದ್ದನೇ ಹೊರತು ಕಣ್ಣಿಟ್ಟು ನೋಡಿರಲೇ ಇಲ್ಲ. ಎಡ ಅಂಗೈ ಮೇಲೆ ಎರಡನ್ನೂ ಜೊತೆಗಿಟ್ಟ. ಅವಳಿ ಮಕ್ಕಳ ಹಾಗೆ ಒಂದೇ ಥರ. ಬಲಗೈಯವನು ಅರ ತಳ್ಳಿದರೆ ಗೀರು ಒಂದು ಕಡೆ ವಾಲುತ್ತದೆ, ಎಡಗೈಯವನು ತಳ್ಳಿದರೆ ಇನ್ನೊಂದು ಕಡೆ. ಇಡೀ ಬೀದಿಯಲ್ಲಿ ಎಡಗೈಯಲ್ಲಿ ಅರ ಹಿಡಿಯುವ ಮೇಸ್ತ್ರಿ ಒಬ್ಬನೇ.

ಆದರೂ ಮನುಷ್ಯ ಅಷ್ಟು ಸುಲಭಕ್ಕೆ ಸೋಲುತ್ತಾನೆಯೇ? ಇರಲಾರದು, ಯಾವಾಗ ಹಾಕಿದೆ, ನೆನಪೇ ಇಲ್ಲವಲ್ಲ ಎಂದುಕೊಂಡ. ಲಾಕ್‌ಗಳನ್ನು ಜೇಬಿಗೆ ಹಾಕಿಕೊಂಡು ಸುತ್ತಿಗೆ ಎತ್ತಿಕೊಂಡ. ಬೆಂಚಿಗೆ ಬಿಗಿದ ವೈಸಿನ ದವಡೆಗೆ ದಂಡ ಕಚ್ಚಿಸಿ ಬಟ್ಟಲುಗಳನ್ನು ಒಂದೊಂದಾಗಿ ತಟ್ಟಿ ಇಳಿಸಿದ. ತುಕ್ಕಿನ ಪುಡಿ ಉದುರಿತು, ಒಣಗಿದ ಗ್ರೀಸು ಜೇಡಿಮಣ್ಣಿನ ಹಾಗೆ ಬಂತು. ಬಿದ್ದ ಸೂಜಿಗಳನ್ನು ಕಾಗದದ ಮೇಲೆ ಸಾಲಾಗಿ ಜೋಡಿಸಿ, ಒಂದಾದರೂ ಮುರಿದಿದೆಯೇ, ಮೈಗೆ ಅಡ್ಡ ಗೀರು ಬಿದ್ದಿದೆಯೇ ಎಂದು ಮೂಗು ತಾಗಿಸಿ ನೋಡಿದ. ಒಂದೂ ಇಲ್ಲ. ಎಲ್ಲ ನೆಟ್ಟಗೇ ನಿಂತಿದ್ದವು. ಸೂಜಿ ಬಿದ್ದೇ ಇರಲಿಲ್ಲ ಎಂದಮೇಲೆ ಲಾಕಿಗೆ ಅರ ಯಾಕೆ ಹಾಕಿದ್ದು?

ಊಟಕ್ಕೆ ಕೂತಾಗ ಹೆಂಡತಿ ಎರಡು ಸಲ ಏನೋ ಕೇಳಿದಳು. ಎರಡು ಸಲವೂ ಹೂಂ ಎಂದ.

"ಏನು ಹೂಂ? ಕಾಫಿ ಬೇಕಾ, ಟೀ ಬೇಕಾ ಅಂದೆ."

"ಹೂಂ."

"ಸರಿ ಹೋಯ್ತು" ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಅಂಗಳದಲ್ಲಿ, ಮರದ ನೆರಳಿಗೆ, ಕಾರಿನ ಹಿಂದಿನ ಸೀಟನ್ನು ಕಳಚಿ ಇಟ್ಟಿದ್ದರು. ಮೇಸ್ತ್ರಿ ಅದರ ಮೇಲೆ ಹೋಗಿ ಉರುಳಿಕೊಂಡ. ಸ್ಪ್ರಿಂಗು ಕಿರ್ರೆಂದಿತು. ಹಳೆಯ ಚರ್ಮದ ವಾಸನೆ, ಪೆಟ್ರೋಲಿನ ವಾಸನೆ, ಎಲೆ ಅಲ್ಲಾಡಿದಾಗೊಮ್ಮೆ ರೆಪ್ಪೆಯ ಮೇಲೆ ಕೆಂಪಗೆ ಕಪ್ಪಗೆ ಓಡುವ ಬೆಳಕು. ನಿದ್ದೆ ಬಂತೋ ಇಲ್ಲವೋ, ಅವನಿಗೇ ತಿಳಿಯಲಿಲ್ಲ. ಎಲ್ಲಿಂದಲೋ ಟೀಚರ ದನಿ ಬಂತು.

ಟೀಚರ್ ಸ್ಟೂಲಿನ ಮೇಲೆ ಕೂತಿದ್ದಾರೆ. ಅವರ ಕೈ ಇನ್ನೂ ಮುರಿದಿಲ್ಲ. ಗಾಳಿಯಲ್ಲಿ ಗೆರೆ ಎಳೆದು ತೋರಿಸುತ್ತಿದ್ದಾರೆ. ನೀರನ್ನ ಬಿಡಿಸೋಕೆ ಆಗಲ್ಲ ಮೇಸ್ತ್ರಿ, ಅನ್ನುತ್ತಿದ್ದಾರೆ. ನೀರಿನ ಸುತ್ತ ಇರೋದನ್ನೆಲ್ಲ ಬಿಡಿಸ್ತಾ ಹೋಗಬೇಕು. ಕಲ್ಲು, ದಡ, ಬಾಗಿದ ಗಿಡ. ಕೊನೆಗೆ ಏನೂ ಬಿಡಿಸದೆ ಬಿಟ್ಟ ಜಾಗ ಇದೆಯಲ್ಲ, ಅದೇ ಹರಿಯುತ್ತೆ. ಮೇಸ್ತ್ರಿಗೆ ಎಂಥ ಖುಷಿ! ಶೆಡ್ಡಿನ ನೆಲದ ಮೇಲೆ ನಿಜವಾಗಿಯೂ ನದಿ ಬಂದುಬಿಟ್ಟಿದೆ. ತಣ್ಣಗೆ, ಸದ್ದಿಲ್ಲದೆ, ಬೆಂಚಿನ ಕಾಲು ಸುತ್ತಿಕೊಂಡು ಹೋಗುತ್ತಿದೆ. ಅವನ ಎಡಗೈಯಲ್ಲಿ ಅರ ಇದೆ. ಹೊಸ ಲಾಕ್ ಒಂದು ಚೂರು ದಪ್ಪ, ತನ್ನ ಕಚ್ಚಿನಲ್ಲಿ ಕೂರುತ್ತಿಲ್ಲ, ಎರಡು ಸಲ ಉಜ್ಜಿದರೆ ಸಾಕು. ಎರಡು ಸಲ ಉಜ್ಜುತ್ತಾನೆ. ನದಿ ಹರಿಯುತ್ತಿದೆ. ಇನ್ನೆರಡು ಸಲ. ಸರ್ರ್, ಸರ್ರ್, ಸರ್ರ್. ಹದಿನಾರು ಲಾಕ್, ಒಂದಾದ ಮೇಲೆ ಒಂದು ತಟ್ಟೆಗೆ ಬೀಳುತ್ತವೆ. ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತಾನೆ. "ಭಾವ, ಇಷ್ಟೊಂದು ಅರ ಹಾಕಿದ್ದೀರಲ್ಲ, ತೀರಾ ತೆಳ್ಳಗಾಗಲ್ವಾ?" ಯಾರೋ ದಡದಾಚೆಯಿಂದ ಕೇಳುತ್ತಾರೆ. "ಹೂಂ," ಅನ್ನುತ್ತಾನೆ ಮೇಸ್ತ್ರಿ, "ಕೂರಿಸು, ಕೂರಿಸು."

"ರೀ! ಏನ್ರೀ ಇದು, ಕೈ ಯಾಕೆ ಹಾಗಾಡಿಸ್ತಿದ್ದೀರಾ?"

ಕಣ್ಣು ಬಿಟ್ಟ. ಹೆಂಡತಿ ಟೀ ಲೋಟ ಹಿಡಿದು ನಿಂತಿದ್ದಳು. ಅವನ ಎಡಗೈ ತೊಡೆಯ ಮೇಲೆ ಇನ್ನೂ ಹಿಂದಕ್ಕೂ ಮುಂದಕ್ಕೂ ಹೋಗುತ್ತಿತ್ತು. ಅದನ್ನು ಬಲಗೈಯಿಂದ ಹಿಡಿದುಕೊಂಡ.

"ಕೂತ್ಕೋ" ಎಂದ.

"ಒಲೆ ಮೇಲೆ ಹಾಲಿದೆ."

"ಉಕ್ಕಿದ್ರೆ ಉಕ್ಕಲಿ. ಕೂತ್ಕೋ." ಜೇಬಿನಿಂದ ಲಾಕ್‌ಗಳನ್ನು ತೆಗೆದು ಸೀಟಿನ ಮೇಲೆ ಸುರಿದ. "ಇದು ನಾನು ಉಜ್ಜಿದ್ದು ಕಣೇ. ಎಲ್ಲಾ ನಾನೇ. ಅವನ ಕಡೆಯದನ್ನೂ ನಾನೇ ಉಜ್ಜಿ ಕೊಟ್ಟಿದ್ದು. ಕೊಟ್ಟು ಮರ್ತುಬಿಟ್ಟೆ."

ಅವಳು ಕೂರಲಿಲ್ಲ. ಲಾಕ್‌ಗಳನ್ನೂ ಮುಟ್ಟಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತಳು. ಅತ್ತುಬಿಡುತ್ತಾಳೆ ಎಂದುಕೊಂಡ ಮೇಸ್ತ್ರಿ. ಬೈದುಬಿಡಲಿ ಎಂದುಕೊಂಡ.

"ನನಗ್ಯಾಕೆ ಹೇಳ್ತೀರಾ?" ಎಂದಳು ಕೊನೆಗೆ. "ಅವತ್ತು ಹತ್ತು ಜನರ ಮುಂದೆ ಮಾನ ಕಳೆದಿದ್ದು ನಂದಾ?"

"ಸಾಯಂಕಾಲ ಹೋಗ್ತೀನಿ."

"ಈಗ್ಲೇ ಹೋಗಿ. ಸಾಯಂಕಾಲದ ಹೊತ್ತಿಗೆ ಮರ್ತುಬಿಡ್ತೀರಾ."

ಕೈ ಕೂಡ ತೊಳೆಯದೆ ಹೊರಟ.

ಬೀದಿ ನಿದ್ದೆಗಣ್ಣಿನಲ್ಲಿತ್ತು. ಕ್ಷೌರದಂಗಡಿಯವನು ತನ್ನ ಗಿರಾಕಿಯ ಕುರ್ಚಿಯಲ್ಲಿ ತಾನೇ ಮಲಗಿ ಗೊರಕೆ ಹೊಡೆಯುತ್ತಿದ್ದ. ಯಾರದೋ ಮಹಡಿಯಲ್ಲಿ ಒಣಹಾಕಿದ ಅಂಗಿಗಳು ತೋಳು ಎತ್ತಿ ಇಳಿಸುತ್ತಿದ್ದವು. ಬೇರೆ ದಿನವಾಗಿದ್ದರೆ ಮೇಸ್ತ್ರಿ ಅಲ್ಲೇ ನಿಂತು ಅಂಗಿಗಳನ್ನು ನೋಡುತ್ತ ಹೋಗಬೇಕಾದ ಕಡೆ ಹೋಗುವುದನ್ನೇ ಮರೆಯುತ್ತಿದ್ದ. ಇವತ್ತು ತಲೆಯನ್ನು ಕಿವಿ ಹಿಡಿದು ಎಳೆದುಕೊಂಡು ನಡೆದ. ಅವನು ಆ ಕಡೆ ತಿರುಗಿಬಿಟ್ಟರೆ, ನನ್ನ ಮುಖ ನೋಡದಿದ್ದರೆ, ಏನು ಮಾಡಲಿ? ಹೋಗು ಅಂದರೆ? ಅನ್ನಲಿ. ಅನ್ನಬೇಕಾದ್ದೇ. ಬಸ್ ನಿಲ್ದಾಣ ದಾಟಿ ಹಿಂದಿನ ಓಣಿಗೆ ತಿರುಗಿದ.

ಅಂಗಡಿ ಎಂದರೆ ಒಂದು ಕೋಣೆ. ಗೋಡೆಯುದ್ದಕ್ಕೂ ಹೊಲಿಗೆ ಯಂತ್ರಗಳು, ಕೆಲವಕ್ಕೆ ತಲೆಯಿಲ್ಲ, ಕೆಲವಕ್ಕೆ ಕಾಲಿಲ್ಲ. ಇಬ್ಬರು ಹೆಂಗಸರು ಬೆಂಚಿನ ಮೇಲೆ ಕಾದು ಕೂತಿದ್ದರು. ಭಾಮೈದ ಒಂದು ಯಂತ್ರದ ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಇದು ಯಾವಾಗ ಆಯಿತು ಎಂದುಕೊಂಡ ಮೇಸ್ತ್ರಿ.

ಭಾಮೈದ ತಲೆಯೆತ್ತಿದ. "ಬನ್ನಿ ಭಾವ" ಎಂದ, ನಿನ್ನೆ ತಾನೇ ನೋಡಿದವನ ಹಾಗೆ. ಕಾಲಿನಿಂದಲೇ ಒಂದು ಸ್ಟೂಲನ್ನು ಮುಂದಕ್ಕೆ ತಳ್ಳಿದ.

"ಕೂತ್ಕೊಳಲ್ಲ. ಮೊದಲು ಹೇಳಿಬಿಡ್ತೀನಿ, ಕೂತ್ರೆ ಆಗಲ್ಲ. ಆ ಲಾಕಿಗೆ ಅರ ಹಾಕಿದ್ದು ನಾನು."

ಬೆಂಚಿನ ಮೇಲಿದ್ದ ದಪ್ಪ ಹೆಂಗಸು ಗಾಬರಿಯಾದಳು. "ಯಾವ ಲಾಕು? ನನ್ನ ಮಿಷನ್ನಿಗಾ?"

"ಅಲ್ಲಮ್ಮಾ. ಆದ್ರೆ ನೀವೂ ಕೇಳಿಸಿಕೊಳ್ಳಿ. ಬೈಯುವಾಗ ಹತ್ತು ಜನರ ಮುಂದೆ ಬೈದಿದ್ದೆ, ಈಗ ಇಬ್ಬರಾದ್ರೂ ಇರಲಿ." ಮೇಸ್ತ್ರಿ ಭಾಮೈದನ ಕಡೆ ಕೈ ತೋರಿಸಿದ. "ಇವನು ನನ್ನ ಭಾಮೈದ. ಹನ್ನೊಂದು ವರ್ಷ ನನ್ನ ಜೊತೆ ಕೆಲಸ ಮಾಡಿದ. ಇವನು ಕೆಲಸ ಕೆಡಿಸಿದ ಅಂತ ನಾನು ಊರಿಗೆಲ್ಲ ಸಾರಿದೆ. ಕೆಡಿಸಿದ್ದು ಇವನಲ್ಲ, ನಾನು. ಇವತ್ತು ಗೊತ್ತಾಯ್ತು."

ಹೆಂಗಸರು ಮುಖ ಮುಖ ನೋಡಿಕೊಂಡರು. ತಿರುಗುತ್ತಿದ್ದ ಚಕ್ರದ ಮೇಲೆ ಭಾಮೈದ ಅಂಗೈ ಇಟ್ಟು ನಿಲ್ಲಿಸಿದ.

"ನನಗೆ ಅವತ್ತೇ ಗೊತ್ತಿತ್ತು ಭಾವ."

"ಮತ್ತೆ ಯಾಕೋ ಬಾಯಿ ಬಿಡಲಿಲ್ಲ? ಒಂದು ಮಾತು ಅಂದಿದ್ರೆ..."

"ಏನಂತ ಬಿಡಲಿ? ಟೀಚರ ಕೈ ಮುರಿದಿದೆ, ಅಷ್ಟು ಜನ ನಿಂತಿದ್ದಾರೆ. ನೀವು ಉಜ್ಜಿದ್ದು ಅಂದ್ರೆ ಮಾರನೇ ದಿನದಿಂದ ನಿಮ್ಮ ಶೆಡ್ಡಿಗೆ ಯಾರು ಗಾಡಿ ತರ್ತಿದ್ರು? ಅಕ್ಕ ಎಲ್ಲಿಗೆ ಹೋಗ್ತಿದ್ಲು?" ಅಲ್ಲಿಗೆ ನಿಲ್ಲಿಸಿದ. ಚಕ್ರದ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದ. "ಅದೊಂದೇ ಅಲ್ಲ ಬಿಡಿ, ದೊಡ್ಡ ಮನುಷ್ಯನ ಥರ ಮಾತಾಡಬಾರದು. ತೆಳ್ಳಗಿದೆ ಅಂತ ನನಗೆ ಕಾಣಿಸಿತ್ತು. ಗೊತ್ತಿದ್ದೂ ಕೂರಿಸಿದೆ. ಭಾವ ಕೊಟ್ಟಿದ್ದಾರೆ, ಸರಿಯಾಗೇ ಇರುತ್ತೆ ಅಂತ. ಕೈ ನಂದೇ ಅಲ್ವಾ?"

"ನೀನು ಕೇಳಿದ್ದೆ. ನಾನು ಹೂಂ ಅಂದೆ."

"ನೆನಪಿದೆಯಾ?"

"ಇವತ್ತು ಬಂತು."

ಭಾಮೈದ ನಕ್ಕ, ಆದರೆ ಆ ನಗುವಿನಲ್ಲಿ ನಗು ಇರಲಿಲ್ಲ. "ಮೊದಲನೇ ವರ್ಷ ದಿನಾ ಕಾಯ್ತಿದ್ದೆ ಭಾವ. ಭಾವಂಗೆ ಇವತ್ತು ನೆನಪಾಗುತ್ತೆ, ಇವತ್ತು ಬರ್ತಾರೆ ಅಂತ. ಸೈಕಲ್ ಬೆಲ್ ಆದ್ರೆ ಬಾಗಿಲ ಕಡೆ ನೋಡ್ತಿದ್ದೆ. ಎರಡನೇ ವರ್ಷ ಸಿಟ್ಟು ಬಂತು. ಮೂರನೇ ವರ್ಷ ಕಾಯೋದು ಬಿಟ್ಟೆ. ಈಗ ಬಂದಿದ್ದೀರಾ. ಏನು ಮಾಡಬೇಕು ಅಂತ ನನಗೆ ತೋಚ್ತಿಲ್ಲ."

"ಬಾ" ಎಂದ ಮೇಸ್ತ್ರಿ.

"ಇವರದ್ದು ಇವತ್ತು ಕೊಡಬೇಕು. ಹೋಗಿ ಭಾವ, ಕೆಲಸ ಇದೆ" ಎಂದು ಭಾಮೈದ ಮತ್ತೆ ಯಂತ್ರದ ಮೇಲೆ ಬಗ್ಗಿದ.

ಮೇಸ್ತ್ರಿ ವಾಪಸ್ಸು ಬರುವಾಗ ಟೀಚರ ಗೇಟಿನ ಹತ್ತಿರವೂ ನಿಂತ. ಅವರಿಗೂ ಹೇಳಬೇಕಲ್ಲ. ಪೂರ್ತಿ ಹೇಳಿದ, ನದಿಯ ಸಮೇತ. ಟೀಚರ್ ತಮ್ಮ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡರು.

"ಹಾಗಾದ್ರೆ ನನ್ನ ಕೈ ಮುರಿದದ್ದು ನನ್ನ ಬಾಯಿಂದ ಅನ್ನಿ" ಎಂದರು. "ಲಾಕ್ ಹಾಕೋ ದಿನ ನಾನು ಶೆಡ್ಡಿನ ಕಡೆ ಬರಲ್ಲ ಮೇಸ್ತ್ರಿ. ಬಂದ್ರೆ ಮತ್ತೆ ಏನಾದ್ರೂ ಮಾತಾಡಿಬಿಡ್ತೀನಿ."

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಬರ್ತೀನಿ ಅನ್ನಲಿಲ್ಲ" ಎಂದ ಮೇಸ್ತ್ರಿ.

"ಬರಲ್ಲ ಅಂದನಾ?"

"ಅದನ್ನೂ ಅನ್ನಲಿಲ್ಲ."

ಮಾರನೆಯ ದಿನ ಅವನು ಎಡಗಡೆಯ ಎರಡು ಕ್ರಾಸನ್ನೂ ಹಾಕಿದ. ಬಟ್ಟಲಿನ ಒಳಗೋಡೆಗೆ ಗ್ರೀಸ್ ಬಳಿದು ಸೂಜಿಗಳನ್ನು ಒಂದೊಂದಾಗಿ ನಿಲ್ಲಿಸಿದ. ವೈಸಿನ ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸುವುದು, ನಿಲ್ಲಿಸುವುದು, ಬೆರಳು ಹಾಕಿ ನೋಡುವುದು. ಒಂದು ಕಡೆ ಸೂಜಿ ಬಿತ್ತು. ಬಿಚ್ಚಿದ, ಮತ್ತೆ ನಿಲ್ಲಿಸಿದ. ಬಿಸಿಲಿನ ಬೊಟ್ಟುಗಳು ನೆಲದ ಮೇಲೆ ತಮ್ಮ ಪಾಡಿಗೆ ಸರಿದವು, ಅವನು ನೋಡಲಿಲ್ಲ. ಹೊಸ ಲಾಕ್‌ಗಳು ಈ ಸಲ ಅಳತೆಗೆ ಸರಿಯಾಗಿದ್ದವು, ಟಕ್ ಟಕ್ ಎಂದು ಕೂತವು. ಅರ ಇರುವ ಪೆಟ್ಟಿಗೆಯನ್ನು ಬೆಳಿಗ್ಗೆಯೇ ಮನೆಯೊಳಗೆ ಇಟ್ಟು ಬಂದಿದ್ದ. ಕೈಯನ್ನು ನಂಬುವ ಹಾಗಿಲ್ಲ.

ಬಲಗಡೆಯದನ್ನು ಮುಟ್ಟಲು ಮನಸ್ಸು ಬರಲಿಲ್ಲ. ದಂಡವನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಂಚಿನ ಮೇಲೆ ಮಲಗಿಸಿ, ಪಕ್ಕದಲ್ಲಿ ಹೊಸ ಕ್ರಾಸಿನ ಎರಡು ಪೊಟ್ಟಣವನ್ನು ಬಿಚ್ಚದೆ ಇಟ್ಟ. ಒಂದು ದಿನ ಹೋಯಿತು. ಎರಡನೆಯ ದಿನವೂ ಹೋಯಿತು. ಹೆಂಡತಿ ಅಡುಗೆಮನೆಯ ಬಾಗಿಲಿಂದ ಗೇಟಿನ ಕಡೆ ನೋಡುವುದು, ಇವನು ಅವಳು ನೋಡುವುದನ್ನು ನೋಡುವುದು, ಇದೇ ಆಯಿತು.

ಮೂರನೆಯ ದಿನ ಹತ್ತು ಗಂಟೆಗೆ ಗೇಟು ಸದ್ದಾಯಿತು. ಭಾಮೈದ ಸೀದಾ ಶೆಡ್ಡಿಗೆ ಬಂದ. ಅತ್ತ ಇತ್ತ ನೋಡಲಿಲ್ಲ. ಅಂಗಿಯ ತೋಳು ಮಡಚಿದ.

"ಬಲಗಡೆ ನಾನು ಮಾಡ್ತೀನಿ. ನೀವು ಮುಟ್ಟಬೇಡಿ."

"ಮುಟ್ಟಲ್ಲ."

ಮಧ್ಯಾಹ್ನದವರೆಗೆ ಶೆಡ್ಡಿನಲ್ಲಿ ಮಾತೆಂದರೆ "ಗ್ರೀಸು", "ಬಟ್ಟೆ", "ಹದಿಮೂರು", ಇಷ್ಟೇ. ಕೇಳುವವನು ಭಾಮೈದ, ಎದ್ದು ಹೋಗಿ ಕೊಡುವವನು ಮೇಸ್ತ್ರಿ. "ಲಾಕು" ಎಂದಾಗ ಮೇಸ್ತ್ರಿ ಲಾಕಿನ ಪೊಟ್ಟಣವನ್ನು ಬಿಚ್ಚದೆ ಹಾಗೇ ಕೊಟ್ಟ. ಭಾಮೈದ ಅದನ್ನು ತಾನೇ ಹರಿದ. ಎಂಟು ಲಾಕ್‌ಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದ, ಹೆಬ್ಬೆರಳಿನಲ್ಲಿ ಸವರಿ ನೋಡಿದ. ಮೇಸ್ತ್ರಿಯ ಮುಖ ಕಿವಿಯವರೆಗೂ ಸುಟ್ಟುಹೋಯಿತು. ಆದರೂ ಅಲ್ಲೇ ನಿಂತು ನೋಡಿದ, ನೋಡಲೇಬೇಕಿತ್ತು. ಕೊನೆಯ ಲಾಕ್ ಕೂತ ಮೇಲೆ ಭಾಮೈದ ಕ್ರಾಸನ್ನು ಎರಡು ಬೆರಳಿನಲ್ಲಿ ಆಡಿಸಿದ. ಅದು ಬೆಣ್ಣೆಯ ಹಾಗೆ ಬಾಗಿ, ಬಿಟ್ಟಲ್ಲೇ ನಿಂತಿತು.

"ಒಳಗಡೆಯ ನಾಲ್ಕು ನಟ್ಟು ನೀವು ಬಿಗಿ ಮಾಡಿ" ಎಂದ. "ನನ್ನ ಬೆನ್ನು ಈಗ ಕೆಳಗೆ ಹೋಗಲ್ಲ."

ಆ ಬೆಳಿಗ್ಗೆ ಅವನು ಆಡಿದ ಅತಿ ಉದ್ದದ ಮಾತು ಅದು. ಮೇಸ್ತ್ರಿ ಗಾಲಿ ಹಲಗೆಯ ಮೇಲೆ ಬೆನ್ನು ಹಾಕಿ ಕಾರಿನ ಕೆಳಗೆ ಜಾರಿದ. ಭಾಮೈದ ಮೇಲಿನಿಂದ ದಂಡ ಹಿಡಿದು ತೂತಿಗೆ ತೂತು ಸೇರಿಸಿ ಕೊಟ್ಟ. 'ಹಾಂ' ಎಂದ, 'ಇನ್ನೊಂಚೂರು' ಎಂದ, 'ಸಾಕು' ಎಂದ. ಮೊದಲ ಎರಡು ನಟ್ಟು ಹತ್ತಿದ ಮೇಲೆ ದಂಡದ ಮೇಲಿದ್ದ ಕೈ ಸರಿಯಿತು. ನಲ್ಲಿ ಬಿಟ್ಟ ಸದ್ದು ಕೇಳಿಸಿತು.

ಕೆಳಗಿನಿಂದ ಮೇಸ್ತ್ರಿಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ನಲ್ಲಿಯ ಹತ್ತಿರ ಭಾಮೈದನ ಕಂದು ಬೂಟುಗಳು, ಸುತ್ತ ಸೋಪಿನ ನೊರೆಯ ನೀರು. ಆಚೆ ಅಡುಗೆಮನೆಯ ಮೆಟ್ಟಿಲ ಮೇಲೆ ಹೆಂಡತಿಯ ಬರಿಗಾಲು. ಅವಳು ಯಾವಾಗ ಬಂದು ನಿಂತಳೋ. ಕರೆಯಲಿಲ್ಲ, ಇಳಿದು ಬರಲೂ ಇಲ್ಲ. ಕಾಲಿನ ಬೆರಳುಗಳು ಮಾತ್ರ ಮೆಟ್ಟಿಲ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

ನಲ್ಲಿ ನಿಂತಿತು. ಬೂಟುಗಳು ಗೇಟಿನ ಕಡೆ ತಿರುಗಿದವು. ಎರಡು ಹೆಜ್ಜೆ ಹೋದವು. ನಿಂತವು.

ನಾಲ್ಕನೆಯ ನಟ್ಟು ಆಗಲೇ ಬಿಗಿಯಾಗಿತ್ತು. ಹೊರಗೆ ಬರಬೇಕೆಂದರೆ ಹಲಗೆಯ ಗಾಲಿ ಕಿರುಗುಟ್ಟುತ್ತದೆ. ಮೇಸ್ತ್ರಿ ಸ್ಪ್ಯಾನರನ್ನು ನಟ್ಟಿಗೆ ಕಚ್ಚಿಸಿದ ಹಾಗೇ ಹಿಡಿದು ಉಸಿರು ಬಿಗಿಹಿಡಿದು ಮಲಗಿದ.

ಒಂದು ಬೂಟಿನ ಮೂತಿ ಇನ್ನೊಂದರ ಹಿಮ್ಮಡಿಯನ್ನು ಒತ್ತಿತು. ಕಾಲು ಹೊರಗೆ ಬಂತು. ಆಮೇಲೆ ಇನ್ನೊಂದು ಕಾಲು. ಒದ್ದೆ ನೆಲದ ಮೇಲೆ ಬರಿಗಾಲಿನ ಗುರುತು ಮೂಡಿಸುತ್ತ ಅವು ಮೆಟ್ಟಿಲವರೆಗೆ ಹೋದವು, ಹತ್ತಿದವು, ಅವಳ ಕಾಲುಗಳ ಪಕ್ಕ ಒಂದು ಗಳಿಗೆ ನಿಂತು ಒಳಗೆ ಮರೆಯಾದವು. ಅಂಗಳದಲ್ಲಿ ಬೂಟುಗಳು ಉಳಿದಿದ್ದವು, ಒಂದು ನೆಟ್ಟಗೆ, ಒಂದು ಪಕ್ಕಕ್ಕೆ ವಾಲಿಕೊಂಡು, ಎರಡರ ಮೇಲೂ ಬಿಸಿಲು.